ಬಿಸಿಲು ನಂಬಿ ಹೋದವರು

ಒಂದು ಕಾಲದಲ್ಲಿ ಸಿಯಾಟಲ್ ಸುತ್ತಮುತ್ತಲ ಕನ್ನಡಿಗರು ಹಲ್ಲುನೋವಿಗೆ ಡೆಂಟಿಸ್ಟನ್ನು ಹುಡುಕುತ್ತಿದ್ದರು, ಕಾಡಿಗೆ ಹೋಗಬೇಕೆಂದರೆ ಈಸ್ಟ್‌ಗೇಟ್‌ನ ಗುರುಪ್ರಸಾದನನ್ನು ಹುಡುಕುತ್ತಿದ್ದರು. ಊರಿಗೆ ಹೊರಟವರು ಟಿಕೆಟ್ ತೆಗೆಯುವ ಮೊದಲೇ ಅವನಿಗೆ ಕಾಲ್ ಮಾಡುವುದು ವಾಡಿಕೆ.

“ಕಬಿನಿಗೆ ಹೋಗೋಣ ಅಂತಿದೀವಿ ಗುರು, ಡಿಸೆಂಬರ್ ಆಗುತ್ತಾ?”

“ಡಿಸೆಂಬರ್‌ನಲ್ಲಿ ಹೋಗಿ ಮಂಜು ನೋಡ್ಕೊಂಡು ಬರ್ತೀರಾ? ಏಪ್ರಿಲ್, ಮೇನಲ್ಲಿ ಹೋಗಿ. ಸೆಕೆಗೆ ಹೆದರಿಕೊಂಡವರಿಗೆ ಆನೆ ಸಿಗಲ್ಲ ಕಣ್ರೀ.”

ಹೀಗೆ ಶುರುವಾದ ಮಾತು ಬೇಗ ಮುಗಿಯುತ್ತಿರಲಿಲ್ಲ. ಯಾವ ದಡದಲ್ಲಿ ಹಿಂಡು ಇಳಿಯುತ್ತದೆ, ದೋಣಿಯಲ್ಲಿ ಯಾವ ಪಕ್ಕ ಕೂರಬೇಕು, ಎಲ್ಲ ಹೇಳಿಯೇ ಫೋನ್ ಇಡುತ್ತಿದ್ದ. ಕೇಳಿದವರಿಗೆ ಸಾಕುಸಾಕಾಗುತ್ತಿತ್ತು. ಈಗ ಯಾರಾದರೂ ಕೇಳಿದರೆ “ನಂಗೊತ್ತಿಲ್ಲ” ಎನ್ನುತ್ತಾನೆ. ಮೊನ್ನೆ ಹಳೆಯ ಗೆಳೆಯ ಸುಬ್ಬಣ್ಣ ಕೇಳಿದಾಗಲೂ ಅದೇ ಉತ್ತರ. ಸುಬ್ಬಣ್ಣ ತಮಾಷೆಯೆಂದುಕೊಂಡು ನಕ್ಕ. ಆಮೇಲೆ ವಿಷಯ ನೆನಪಾಗಿ, ಮಾತು ಬದಲಿಸಿ, ಮಳೆಯ ಬಗ್ಗೆ ಏನೋ ಹೇಳಲು ಹೋಗಿ, ಅದೂ ಸರಿಯಲ್ಲವೆನಿಸಿ ಫೋನ್ ಇಟ್ಟ.

ಗುರುಪ್ರಸಾದ್ ಹೆಗ್ಗಡದೇವನಕೋಟೆಯ ಹುಡುಗ. ಅಪ್ಪ ಕರೆಂಟ್ ಆಫೀಸಿನಲ್ಲಿ ಇಂಜಿನಿಯರು. ಬೇಸಿಗೆ ರಜೆಯಲ್ಲಿ ಅವರು ಲೈನ್ ನೋಡಲು ಜೀಪಿನಲ್ಲಿ ಹೊರಟರೆ ಮಗ ಹಿಂದೆ ಹತ್ತಿ ಕೂತುಬಿಡುತ್ತಿದ್ದ. ಮಳೆಗಾಲದಲ್ಲಿ ಏರಿದ ಕಬಿನಿ ಹಿನ್ನೀರು ಬೇಸಿಗೆಯಲ್ಲಿ ಇಳಿಯುತ್ತದೆ. ನೀರು ಬಿಟ್ಟುಕೊಟ್ಟ ನೆಲದಲ್ಲಿ ಹೊಸ ಹುಲ್ಲು ಹುಟ್ಟುತ್ತದೆ. ಕಾಡಿನ ಒಳಗಿನ ಕೆರೆಕಟ್ಟೆಗಳು ಒಣಗಿ, ಎಲ್ಲೆಲ್ಲಿಂದಲೋ ಬಂದ ಆನೆಗಳು ಆ ದಡದಲ್ಲಿ ಮರಿಮಕ್ಕಳ ಸಮೇತ ನಿಲ್ಲುತ್ತವೆ. ಇದನ್ನು ಅವನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಏಪ್ರಿಲ್ ಎಂದರೆ ಬಿಸಿಲು, ಬಿಸಿಲೆಂದರೆ ಪ್ರಾಣಿ ನೀರಿಗೆ ಬರುವ ಕಾಲ, ಜುಲೈ ಆಗಸ್ಟ್ ಎಂದರೆ ಮಳೆ, ಕಾಡಿನ ಬಾಗಿಲು ಮುಚ್ಚಿದಂತೆ. ಈ ಲೆಕ್ಕ ಮೈಗೆ ಹತ್ತಿಬಿಟ್ಟಿತ್ತು. ಓದಿ, ಅಮೆರಿಕಾಕ್ಕೆ ಬಂದು, ನಾರ್ತ್ ಕ್ರೀಕ್‌ನ ಆಫೀಸಿನಲ್ಲಿ ನೆಟ್‌ವರ್ಕ್ ಸಾಫ್ಟ್‌ವೇರ್ ಬರೆಯುತ್ತ ತಲೆಗೂದಲು ನರೆಯತೊಡಗಿದರೂ ಅದು ಅಳಿಸಲಿಲ್ಲ.

ಅವನ ಹೆಂಡತಿ ವಸಂತಲಕ್ಷ್ಮಿ ಹಾಸನದವಳು. ಮದುವೆಯಾದ ಹೊಸತರಲ್ಲಿ ಅವಳನ್ನು ಕಬಿನಿಗೆ ಕರೆದುಕೊಂಡು ಹೋಗಿದ್ದ. ಆದರೆ ಅವನಿಗೆ ರಜೆ ಸಿಕ್ಕಿದ್ದು ಆಗಸ್ಟ್‌ನಲ್ಲಿ. ಜಿಟಿಜಿಟಿ ಮಳೆಯಲ್ಲಿ ನೆನೆದು ತಿರುಗಿದ್ದಕ್ಕೆ ಒಂದು ಮುಸುವ ಕಂಡಿತು, ಅದೂ ಬೆನ್ನು ತಿರುಗಿಸಿ ಕೂತಿತ್ತು. ಅಲ್ಲಿಂದೀಚೆಗೆ ಯಾರ ಮನೆಯ ಊಟದಲ್ಲಾದರೂ ಅವನು ಕಾಡಿನ ಪುರಾಣ ತೆಗೆದರೆ ವಸಂತಲಕ್ಷ್ಮಿ ಅನ್ನ ಬಡಿಸುತ್ತಲೇ ಹೇಳುವಳು, “ನಾನೂ ನೋಡಿದೀನಿ ಇವರ ಕಾಡನ್ನ. ಒಂದು ಮುಸುವನ ಬೆನ್ನು.” ಎಲ್ಲರೂ ನಗುತ್ತಿದ್ದರು. ಅವನು ಮಾತ್ರ ನಗುತ್ತಲೇ ಸ್ವಲ್ಪ ಸಪ್ಪಗಾಗಿ, “ಒಂದ್ಸಲ ಬೇಸಿಗೇಲಿ ಕರ್ಕೊಂಡು ಹೋಗ್ತೀನಿ ತಾಳು” ಎನ್ನುತ್ತಿದ್ದ. ಮಗಳು ನಿಸರ್ಗಳ ಸ್ಕೂಲು, ಇಬ್ಬರ ಆಫೀಸು, ಗ್ರೀನ್ ಕಾರ್ಡು. ಆ ಬೇಸಿಗೆ ಬರಲೇ ಇಲ್ಲ.

೨೦೧೨ರ ನವೆಂಬರ್. ಆಫೀಸು ಬಿಡುವ ಹೊತ್ತಿಗೇ ಕತ್ತಲಾಗುವ ದಿನಗಳು, ಜೊತೆಗೆ ಮಳೆ. ಗುರುಪ್ರಸಾದನ ಫೋನು ಬಡಿದುಕೊಂಡಿತು. ಸಿಯಾಟಲ್ ಡೌನ್‌ಟೌನ್‌ನ ಆಫೀಸಿನಿಂದ ಮನೆಗೆ ಡ್ರೈವ್ ಮಾಡುತ್ತಿದ್ದ ವಸಂತಲಕ್ಷ್ಮಿ.

“ರೀ, ಮರ್ಸರ್ ಐಲ್ಯಾಂಡ್‌ನಲ್ಲಿ ಎಕ್ಸಿಟ್ ತಗೊಂಡು ಪಾರ್ಕ್ ಮಾಡಿದೀನಿ. ನೀವು ಬರ್ತೀರಾ?”

“ಯಾಕೆ, ಟೈರ್ ಪಂಕ್ಚರಾ?”

“ಕಾರು ಚೆನ್ನಾಗಿದೆ. ನನಗೆ ರಸ್ತೆ ಕಾಣ್ತಿಲ್ಲ.”

ಅವನು ಹೋಗಿ ನೋಡಿದಾಗ ಅವಳು ಇಂಜಿನ್ ಆರಿಸಿದ ಕಾರಿನಲ್ಲಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಕತ್ತಲಲ್ಲಿ ರಸ್ತೆಯ ಗೆರೆ ಕಾಣದೆ ಬಹಳ ಕಾಲವಾಗಿತ್ತಂತೆ. ಮುಂದಿನ ಕಾರಿನ ಕೆಂಪು ದೀಪ ನಂಬಿ ಬರುತ್ತಿದ್ದಳಂತೆ. ಪಾತ್ರೆ ಬೀಳಿಸುವುದು, ಬಾಗಿಲಿಗೆ ಭುಜ ಹೊಡೆಸಿಕೊಳ್ಳುವುದು, ಪಕ್ಕದಲ್ಲಿ ನಿಂತವರನ್ನು ಮಾತಾಡಿಸದೆ ಹೋಗಿ ಜಂಬದವಳು ಅನ್ನಿಸಿಕೊಳ್ಳುವುದು, ಇದಕ್ಕೆಲ್ಲ ಮನೆಯಲ್ಲಿ ‘ಗಡಿಬಿಡಿ ವಸಂತಾ’ ಎಂದು ಹೆಸರಿಟ್ಟು ನಗಾಡಿದ್ದರು. ಹೆಸರಿಟ್ಟವನು ಅವನೇ.

ಕಣ್ಣಿನ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿದೆ. ಹುಟ್ಟಿನಿಂದಲೇ ಬಂದದ್ದು, ಔಷಧಿಯಿಲ್ಲ. ನಡುವೆ ಉಳಿದಿರುವುದು ಸದ್ಯಕ್ಕೆ ಸ್ಪಷ್ಟವಾಗಿದೆ, ಬೆಳಕು ಚೆನ್ನಾಗಿದ್ದರೆ ಚೆನ್ನಾಗಿಯೇ ಕಾಣುತ್ತದೆ, ಮಂದ ಬೆಳಕಿನಲ್ಲಿ ಕಷ್ಟ. ಅದೂ ಎಷ್ಟು ದಿನವೆಂದು ಹೇಳಲಾಗದು. ನೋಡಬೇಕೆಂದು ಆಸೆಯಿದ್ದದ್ದನ್ನು ಮುಂದೂಡಬೇಡಿ ಎಂದರು.

ವಾಪಸು ಬರುವಾಗ ಕಾರಿನಲ್ಲಿ ವೈಪರ್ ಆಡುತ್ತಿತ್ತು. ಅವನು ಕೇಳಿದ, “ಏನ್ ನೋಡ್ಬೇಕು ನೀನು? ಹೇಳು, ಎಲ್ಲಿಗಾದ್ರೂ ಸರಿ.”

“ಎಲ್ಲಾದ್ರೂ ಚೆನ್ನಾಗಿ ಬಿಸಿಲಿರೋ ಕಡೆ ಹೋಗೋಣ ಕಣ್ರೀ. ನಾವು ಮೂರೂ ಜನ.”

ಅವಳು ಹೇಳಿದ್ದು ಅಷ್ಟೇ. ಉಳಿದದ್ದನ್ನು ಅವನೇ ತುಂಬಿಕೊಂಡ. ಬಿಸಿಲು ಯಾಕೆ, ಅಲ್ಲಿ ಏನು ನೋಡಬೇಕು ಎಂದು ಕೇಳಲಿಲ್ಲ. ಕೇಳುವುದೇನು ಬಂತು, ಹೆಂಡತಿ ಹೇಳುತ್ತಿರುವುದು ತಾನು ಮಾತು ಕೊಟ್ಟು ತಪ್ಪಿಸಿದ ಆ ಬೇಸಿಗೆಯ ಕಾಡನ್ನೇ ಎಂದು ಅವನಿಗೆ ಅನುಮಾನವೇ ಇರಲಿಲ್ಲ.

ಆದರೆ ಕಬಿನಿ ಸಾಲದು ಅನ್ನಿಸಿತು. ಕಾಡಿನ ನೆರಳಲ್ಲಿ ನಿಂತ ಪ್ರಾಣಿ ಅವಳ ಕಣ್ಣಿಗೆ ಸಿಗುವ ಹೊತ್ತಿಗೆ ಹೊರಟುಹೋಗಿರುತ್ತದೆ. ಬಯಲು ಬೇಕು, ಮರ ಅಡ್ಡ ಬರದ ಬಯಲು, ಎಲ್ಲಿ ನೋಡಿದರೂ ಒಂದು ಪ್ರಾಣಿ ಇರಬೇಕು, ಮೇಲೆ ಸುಡುವ ಸೂರ್ಯ. ಹಾಗಾದರೆ ಕೀನ್ಯಾ, ಮಸಾಯಿ ಮಾರಾ. ಒಂದೇ ವಾರದಲ್ಲಿ ಅವನ ಮಾತು, ಊಟ, ನಿದ್ದೆ ಎಲ್ಲ ಮಾರಾಮಯವಾಯಿತು. ಯಾವಾಗ ಹೋಗುವುದು ಎಂದು ಅವನು ಯೋಚಿಸಲೇ ಇಲ್ಲ. ಏಪ್ರಿಲ್‌ನಲ್ಲಿ ನಿಸರ್ಗಳಿಗೆ ಸ್ಪ್ರಿಂಗ್ ಬ್ರೇಕ್. ಏಪ್ರಿಲ್ ಎಂದರೆ ಬೇಸಿಗೆ. ದೇವರೇ ಕೂಡಿಸಿಕೊಟ್ಟ ಹಾಗಿದೆ ಎಂದ.

ನೈರೋಬಿಯ ಟೂರ್ ಕಂಪನಿಯ ಹೆಂಗಸು ಫೋನಿನಲ್ಲಿ ತಿಳಿಸಿ ಹೇಳಿದಳು. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ. ಹುಲ್ಲು ಅರಸಿ ಅಲೆಯುವ ಜೀಬ್ರಾ, ಹುಲ್ಲೆಗಳ ಹಿಂಡುಗಳು ಆಗ ಗಡಿಯಾಚೆ ದಕ್ಷಿಣದಲ್ಲಿರುತ್ತವೆ. ಅಲ್ಲಿ ಮಳೆ ನಿಂತು ಹುಲ್ಲು ಒಣಗಿದ ಮೇಲೆ ಉತ್ತರಕ್ಕೆ ನಡೆದು, ಜುಲೈ ಹೊತ್ತಿಗೆ ಮಾರಾ ತಲುಪುತ್ತವೆ. ಆಗಸ್ಟ್‌ನಲ್ಲಿ ಬರಲು ಆಗುವುದಿಲ್ಲವೇ? “ಮೇಡಂ, ನಾನು ಹುಟ್ಟಿ ಬೆಳೆದದ್ದೇ ಕಾಡಿನ ಪಕ್ಕ” ಎಂದು ಇಂಗ್ಲಿಷಿನಲ್ಲಿ ಹೇಳಿ ಅವನು ಬುಕ್ ಮಾಡಿಸಿದ. ನಿಸರ್ಗ ಲ್ಯಾಪ್‌ಟಾಪ್ ತಂದು ತೋರಿಸಿದಳು.

“ಅಪ್ಪಾ, ಲುಕ್. ಇಟ್ ಸೇಸ್ ಇಟ್ಸ್ ದಿ ರೇನಿ ಸೀಸನ್.”

“ಆ ವೆಬ್‌ಸೈಟ್‌ನವ್ರು ಯುರೋಪಿನವರ ಸ್ಕೂಲ್ ರಜಾ ನೋಡ್ಕೊಂಡು ಬರೀತಾರೆ ಕಣೇ. ಆಗಸ್ಟ್‌ನಲ್ಲಿ ಕಾಡಿಗೆ ಹೋದ್ರೆ ಏನ್ ಕಾಣುತ್ತೆ ಅಂತ ನಿಮ್ಮಮ್ಮನ್ನ ಕೇಳು.”

ಒಳಗಿನಿಂದ ವಸಂತಲಕ್ಷ್ಮಿಯ ದನಿ ಬಂತು, “ಮುಸುವನ ಬೆನ್ನು!” ಮೂವರೂ ನಕ್ಕರು. ಆಫೀಸಿನಲ್ಲಿ ಯಾವ ಮ್ಯಾನ್ಯುಯಲ್ ಕೊಟ್ಟರೂ ಕೊನೆಯ ಪುಟದವರೆಗೂ ಓದುವ ಮನುಷ್ಯ ಇವನು. ಆದರೆ ಕಾಡಿನ ವಿಷಯದಲ್ಲಿ ಯಾರ ಮಾತೂ ಕಿವಿಗೆ ಬೀಳಲಿಲ್ಲ. ಬರಿಯ ಜಂಬವೂ ಅಲ್ಲ ಅದು, ಹೆದರಿಕೆಯೂ ಇತ್ತು. ಆಗಸ್ಟ್ ದೂರವಿತ್ತು, ಅಷ್ಟು ದಿನ ಆ ಕಣ್ಣು ಕಾಯುತ್ತದೆಂದು ಯಾರು ಹೇಳಿದ್ದರು? ಇವತ್ತಿಗೂ ಅವನು ತನ್ನನ್ನು ಬೈದುಕೊಳ್ಳುವಾಗ ಈ ಒಂದು ಮಾತು ನೆನೆಸಿಕೊಂಡು ಸ್ವಲ್ಪ ಉಸಿರಾಡುತ್ತಾನೆ.

ಮಾರಾದಲ್ಲಿ ಇಳಿದ ದಿನವೇ ಮಳೆ ಶುರುವಾಯಿತು. ಸಿಯಾಟಲ್‌ನ ಹನಿಮಳೆಯಲ್ಲ, ಎದುರಿನ ಗುಡ್ಡವನ್ನೇ ಅಳಿಸಿಹಾಕುವ ಮಳೆ. ನೆಲ ನಮ್ಮ ಬಯಲುಸೀಮೆಯ ಎರೆಮಣ್ಣಿನಂಥದು. ಒಂದು ಮಳೆ ಬಿದ್ದರೆ ಸಾಕು, ಚಕ್ರ ಹಿಡಿದುಕೊಂಡು ಬಿಡುವುದಿಲ್ಲ. ಅವರ ವ್ಯಾನು ಹೂತುಕೊಳ್ಳುವುದು, ಚಾಲಕ ಕಿಪ್ರೊನೊ ಇಳಿದು ಚಕ್ರದಡಿಗೆ ಕೊಂಬೆ ತುರುಕುವುದು, ಗುರುಪ್ರಸಾದ್ ಹಿಂದಿನಿಂದ ತಳ್ಳುವುದು, ಇದೇ ಸಫಾರಿಯಾಯಿತು. ನದಿಯ ಹತ್ತಿರದ ದಾರಿ ಮುಚ್ಚಿತ್ತು. ಮಳೆಯಿದ್ದಾಗ ನೀರಿಗೇನು ಬರ, ಗುಂಡಿಗುಂಡಿಯಲ್ಲೂ ನೀರು ನಿಂತು ಪ್ರಾಣಿಗಳು ತಮಗೆ ತೋಚಿದ ಕಡೆ ಚದುರಿಹೋಗಿದ್ದವು. ಇದ್ದ ಒಂದಷ್ಟೂ ಎದೆಮಟ್ಟದ ಹುಲ್ಲಿನಲ್ಲಿ ಮುಚ್ಚಿಹೋಗಿದ್ದವು. ಮಳೆಗಾಲವನ್ನೇ ಹುಡುಕಿಕೊಂಡು ಬರುವವರೂ ಉಂಟಂತೆ. ಹಸಿರು ಬಯಲು, ಜನಜಂಗುಳಿ ಇಲ್ಲ, ಹಕ್ಕಿಗಳು ಹೇರಳ. ಕಣ್ಣು ಚೆನ್ನಾಗಿದ್ದವರಿಗೆ ಅದೂ ಒಂದು ಭಾಗ್ಯವೇ.

ಎಲ್ಲಕ್ಕಿಂತ ಕೆಟ್ಟದ್ದು ಮೋಡ. ಅವನು ನೆಚ್ಚಿಕೊಂಡು ಬಂದಿದ್ದ ಸೂರ್ಯ ಮುಖವನ್ನೇ ತೋರಿಸಲಿಲ್ಲ. ಆ ಮಬ್ಬಿನಲ್ಲಿ ವಸಂತಲಕ್ಷ್ಮಿಗೆ ಬಯಲೆಂಬುದು ಒಂದು ಬೂದು ಗೋಡೆ. ಹಾಗೆಂದು ಅವಳು ಹೇಳಲಿಲ್ಲ.

ಗುರುಪ್ರಸಾದನಿಗೆ ಮೊದಲ ದಿನವೇ ಗೊತ್ತಾಯಿತು, ಎಡವಿದೆ ಎಂದು. ತಪ್ಪಾಯಿತು ಎಂದು ಹಿಂದೆ ತಿರುಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತೇನೋ. ಅದರ ಬದಲು ಹಟ ಹಿಡಿದ. ಬೆಳಗಿನಿಂದ ಸಂಜೆಯವರೆಗೆ ಕಿಪ್ರೊನೊ ಪಕ್ಕದ ಮುಂದಿನ ಸೀಟಿನಲ್ಲಿ, ಬೈನಾಕ್ಯುಲರ್ ಕಣ್ಣಿಗೊತ್ತಿಕೊಂಡು, ಮಳೆಯಲ್ಲೇ ಗಾಜು ಇಳಿಸಿ ಕೂತ. ವಸಂತಲಕ್ಷ್ಮಿ, ನಿಸರ್ಗ ಹಿಂದಿನ ಸೀಟಿನಲ್ಲಿ.

“ಅಲ್ಲಿ ನೋಡು, ಎಡಗಡೆ! ಜಿರಾಫೆ! ಕಾಣ್ತಾ?”

“ಹ್ಞೂಂ, ಕಾಣ್ತು.”

“ಆ ಮರದ ಕೆಳಗೆ, ಆ ಮರದ ಕೆಳಗೆ, ಚೀತಾ ಇರ್ಬೇಕು!”

“ಹ್ಞೂಂ ರೀ.”

ಕೊನೆಯ ದಿನ ಮಧ್ಯಾಹ್ನ ಮೋಡ ಒಡೆಯಿತು. ದೂರದ ಇಳಿಜಾರಿನಲ್ಲಿ ಆನೆಗಳ ದೊಡ್ಡ ಹಿಂಡು, ಮರಿಗಳ ಸಮೇತ, ಒದ್ದೆ ಬೆನ್ನುಗಳು ಹೊಳೆಯುತ್ತಿದ್ದವು. ಗುರುಪ್ರಸಾದನಿಗೆ ಕಬಿನಿಯ ದಡವೇ ಎದ್ದುಬಂದಂತೆ ಆಯಿತು. ಹೋಗೋಣ, ಹೋಗೋಣ ಎಂದು ಕಿಪ್ರೊನೊನ ತೋಳು ಹಿಡಿದು ಅವಸರಪಡಿಸಿದ. ವ್ಯಾನು ಇಪ್ಪತ್ತು ಮಾರು ಹೋಗಿ ಕೆಸರಿನಲ್ಲಿ ಕೂತಿತು. ಅದನ್ನು ಎಬ್ಬಿಸುವಷ್ಟರಲ್ಲಿ ಆನೆಗಳು ದಿಣ್ಣೆಯಾಚೆ ಇಳಿದಿದ್ದವು, ಮೋಡ ಮತ್ತೆ ಕೂಡಿಕೊಂಡಿತ್ತು. ಅವನು ಕೆಸರುಕಾಲಿನಲ್ಲಿ ಮುಂದಿನ ಸೀಟಿಗೆ ಹತ್ತಿ, ಬಾಗಿಲು ಹಾಕಿಕೊಂಡು, ಹಿಂದೆ ತಿರುಗಿ ಕೇಳಿದ.

“ನೋಡಿದ್ಯಾ ವಸಂತಾ? ನಿಜ ಹೇಳು. ಆನೆ ನೋಡಿದ್ಯಾ?”

“ನೋಡ್ದೆ ಕಣ್ರೀ. ತುಂಬ ಚೆನ್ನಾಗಿತ್ತು.”

ನಿಸರ್ಗ ಅಮ್ಮನ ಮುಖ ನೋಡಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಗುರುಪ್ರಸಾದ್ ಅದನ್ನು ಗಮನಿಸಿದ. ಆದರೂ ನಂಬಿದ, ನಂಬದೆ ಇರಲು ಅವನಿಗೆ ಧೈರ್ಯವಿರಲಿಲ್ಲ.

ಸಿಯಾಟಲ್‌ಗೆ ವಾಪಸು ಬಂದರೆ ಇಲ್ಲೂ ಮೋಡ. ಮೇ ತಿಂಗಳ ಕೊನೆಗೆ ವಸಂತಲಕ್ಷ್ಮಿಗೆ ಓದುವ ಅಕ್ಷರ ಸೊಟ್ಟಗೆ ಕಾಣತೊಡಗಿತು. ಕಣ್ಣಿನೊಳಗೆ ನಡುವಿನ ನೋಟದ ಜಾಗಕ್ಕೂ ಊತ ಬಂದಿದೆ ಎಂದರು ಡಾಕ್ಟರು. ಹನಿ ಔಷಧಿ ಹಾಕಿ, ಮಾತ್ರೆ ನುಂಗಿ ಜೂನ್ ಕಳೆಯಿತು. ಊತ ಇಳಿಯಿತು, ನೋಟ ಮರಳಲಿಲ್ಲ. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ, ಹಗಲೋ ರಾತ್ರಿಯೋ, ಅಷ್ಟು ತಿಳಿಯುತ್ತಿತ್ತು. ಅವಳು ಆಫೀಸಿಗೆ ರಾಜೀನಾಮೆ ಕೊಟ್ಟಳು. ಸಾಸಿವೆ ಡಬ್ಬಿಗೂ ಮೆಂತ್ಯದ ಡಬ್ಬಿಗೂ ಬೇರೆ ಬೇರೆ ರಬ್ಬರ್ ಬ್ಯಾಂಡ್ ಸುತ್ತಿಟ್ಟುಕೊಂಡಳು. ಅತ್ತಳೋ ಇಲ್ಲವೋ, ಗುರುಪ್ರಸಾದನ ಮುಂದೆ ಅಳಲಿಲ್ಲ. ಅವನು ಮಾತ್ರ ನಾರ್ತ್ ಕ್ರೀಕ್‌ನ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನೊಳಗೆ ಕೂತು ಅತ್ತು, ಮುಖ ತೊಳೆದುಕೊಂಡು ಮೀಟಿಂಗ್‌ಗೆ ಹೋಗುತ್ತಿದ್ದ.

ಜುಲೈ ನಾಲ್ಕು ಕಳೆದ ಮೇಲೆ, ಪ್ರತಿ ವರ್ಷದಂತೆ, ಸಿಯಾಟಲ್‌ಗೆ ಬಿಸಿಲು ಬಂತು. ಮೋಡವೇ ಇಲ್ಲದ ದಿನಗಳು. ಸಂಜೆ ಊಟದ ಹೊತ್ತಿಗೂ ಸೂರ್ಯ ಮೇಲೇ ಇರುತ್ತಾನೆ. ಒಂದು ಶನಿವಾರ ಬೆಳಿಗ್ಗೆ ನೈರೋಬಿಯಿಂದ ಕಾಲ್ ಬಂತು. ಆಗಸ್ಟ್‌ನಲ್ಲಿ ಎಲ್ಲ ಕ್ಯಾಂಪುಗಳೂ ಭರ್ತಿಯಾಗಿದ್ದವು, ಯಾರಾದರೂ ರದ್ದು ಮಾಡಿದರೆ ತಿಳಿಸಿ ಎಂದು ಅವನು ಮೇನಲ್ಲೇ ಗೋಗರೆದಿದ್ದ. ಈಗ ನದಿಯ ದಡದಲ್ಲೇ ಜಾಗ ಖಾಲಿಯಾಗಿದೆಯಂತೆ. ಮಳೆ ನಿಂತು ಹುಲ್ಲು ತಗ್ಗಿದೆ, ರಸ್ತೆ ಗಟ್ಟಿಯಾಗಿದೆ, ಹಿಂಡುಗಳು ಬಂದು ಮುಟ್ಟಿವೆ. ದಿನವೂ ಬಿಸಿಲು.

ವಸಂತಲಕ್ಷ್ಮಿ ಹಿತ್ತಲಿನ ಡೆಕ್ ಮೇಲೆ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ಅವನು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತು ಒಂದೇ ಉಸಿರಿಗೆ ಎಲ್ಲ ಹೇಳಿದ.

“ಬೇಡ ಅಂದ್ಬಿಡಿ” ಎಂದಳು.

“ಹಾಗನ್ಬೇಡ. ನಾನೆಲ್ಲ ಹೇಳ್ತೀನಿ ನಿಂಗೆ. ಒಂದೊಂದೂ ಬಿಡದೆ ಹೇಳ್ತೀನಿ. ಸದ್ದು ಕೇಳುತ್ತೆ, ನೆಲ ಅದುರುತ್ತಂತೆ ಅವು ಓಡುವಾಗ. ಹೋದ್ಸಲ ನಂದೇ ತಪ್ಪು ವಸಂತಾ. ನಾನು ನಿಂಗೆ ಏನೂ ತೋರಿಸ್ಲಿಲ್ಲ. ಆನೆ ಕೂಡ ನೋಡ್ಲಿಲ್ಲ ನೀನು, ನಂಗೊತ್ತು.”

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

“ಆನೆ ಯಾರಿಗ್ರೀ ಬೇಕಿತ್ತು?”

ಅವನಿಗೆ ಅರ್ಥವಾಗಲಿಲ್ಲ.

“ಈ ಊರಲ್ಲಿ ಆಗ ದಿನವೂ ಮೋಡ. ಮನೇಲಿ ಟ್ಯೂಬ್‌ಲೈಟಲ್ಲಿ ನಿಮ್ಮ ಮುಖ, ಅವಳ ಮುಖ ಅರ್ಧ ಕಾಣೋದು, ಅರ್ಧ ಇಲ್ಲ. ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ ಅಂದ್ರಲ್ಲ ಡಾಕ್ಟ್ರು. ಅದಕ್ಕೇ ಬಿಸಿಲಿರೋ ಕಡೆ ಹೋಗೋಣ ಅಂದೆ. ನಿಮ್ಮಿಬ್ಬರನ್ನೂ ಎದುರಿಗೆ ಕೂರಿಸ್ಕೊಂಡು, ಒಂದ್ಸಲ ತೃಪ್ತಿಯಾಗೋವರೆಗೂ ನೋಡ್ಬಿಡೋಣ ಅಂತ.”

“ಮತ್ತೆ ಹೇಳ್ಬಾರದಿತ್ತಾ?”

“ನೀವು ಅಷ್ಟು ಖುಷೀಲಿದ್ರಿ. ಆ ಊರಲ್ಲಿ ಹ್ಯಾಗೂ ಬಿಸಿಲು ಇರುತ್ತೆ, ನೀವು ಆನೆ ನೋಡ್ಕೊಳ್ಳಿ, ನಾನು ನಿಮ್ಮನ್ನ ನೋಡ್ಕೋತೀನಿ ಅನ್ಕೊಂಡೆ. ನಿಸರ್ಗ ಪಕ್ಕದಲ್ಲೇ ಇದ್ಲು, ಕೆನ್ನೆ ಹಿಡಿದು ಹತ್ರದಿಂದ ನೋಡಿದೆ. ನೀವು ಮುಂದೆ ಕೂತಿದ್ರಿ. ಮುಸುವಂದಾದ ಮೇಲೆ ನಿಮ್ಮ ಬೆನ್ನು.” ಸಣ್ಣಗೆ ನಕ್ಕಳು. “ನಿಮ್ಮ ಕತ್ತಿನ ಹಿಂದೆ, ಕಾಲರ್‌ಗಿಂತ ಮೇಲೆ ಒಂದು ಮಚ್ಚೆ ಇದೆ, ಗೊತ್ತಾ? ಗೊತ್ತಿರಲ್ಲ ನಿಮಗೆ. ನಿಮ್ಮನ್ನ ನೆನೆಸ್ಕೊಂಡ್ರೆ ಈಗ ಅದೇ ಬರುತ್ತೆ. ಒದ್ದೆ ಕಾಲರು, ಆ ಮಚ್ಚೆ. ಮುಖ ಮೊದಲಿನದ್ದು ನೆನಪಿದೆ, ಮದುವೆ ಫೋಟೋದು. ಈಗಿನದು ಬರ್ತಿಲ್ಲ.”

“ಒಂದ್ಸಲಾನೂ ತಿರುಗ್ಲಿಲ್ವಾ ನಾನು?”

“ತಿರುಗಿದ್ರಿ. ಕೊನೇ ದಿನ, ಆನೆ ನೋಡಿದ್ಯಾ ಅಂತ ಕೇಳೋಕೆ. ಅಷ್ಟರಲ್ಲಿ ಮೋಡ ಬಂದಿತ್ತಲ್ಲ.”

ಗುರುಪ್ರಸಾದ್ ಎದ್ದ. ಕುರ್ಚಿಯನ್ನು ಎತ್ತಿಕೊಂಡು ಬಂದು ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹಾಕಿಕೊಳ್ಳಬೇಕೆಂದು ಹೊರಟವನು, ಯಾಕೋ ತಾಗಿಸಲು ಧೈರ್ಯ ಸಾಲದೆ ಸ್ವಲ್ಪ ಆಚೆಗೇ ಇಟ್ಟು ಕೂತ. ಜುಲೈನ ಬಿಸಿಲು ನೇರವಾಗಿ ಅವನ ಮುಖದ ಮೇಲಿತ್ತು. ಕಣ್ಣು ಕುಕ್ಕುತ್ತಿದ್ದರೂ ಮುಖ ತಿರುಗಿಸಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ವಸಂತಲಕ್ಷ್ಮಿ ಅವನು ಮೊದಲು ಕೂತಿದ್ದ ಕಡೆಗೆ ಕೈ ಚಾಚಿ ತಡವಿದಳು. ಅಲ್ಲಿ ಕುರ್ಚಿ ಇರಲಿಲ್ಲ.

“ಯಾಕ್ರೀ,” ಎಂದಳು, “ಒಳಗೆ ಹೋದ್ರಾ?”